ಸರ್ಕಾರಿ ವಿ.ವಿ.ಗಳ ಹೊಸ ಕೋರ್ಸಿಗೆ ಸೇರಬಹುದಾ? ಸ್ಕಾಲರ್‌ಶಿಪ್ ನಿಜವಾಗ್ಲೂ ಕೈಗೆ ಬರುತ್ತಾ?

ವರದಾ ತೀರ:
ಎಲ್ಲರಿಗೂ ನಮಸ್ಕಾರ. ತಂಗಿ ದ್ವಿತೀಯ ಪಿಯುಸಿ ಕಾಮರ್ಸ್ ಮುಗಿಸಿದ್ದಾಳೆ, 91 ಪರ್ಸೆಂಟ್. ಒಂದನೇ ಕ್ಲಾಸಿಂದ ಪಿಯುವರೆಗೂ ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜು. ನಮ್ಮದು ಹಾವೇರಿ ಜಿಲ್ಲೆ, ಅಪ್ಪ ಒಕ್ಕಲುತನ ಮಾಡ್ತಾರೆ. ಡಿಗ್ರಿ ಎಲ್ಲಿ, ಯಾವುದು ಅಂತ ಮನೆಯಲ್ಲಿ ದಿನಾ ಪಂಚಾಯ್ತಿ ನಡೀತಿದೆ. ಒಂದು ಸರ್ಕಾರಿ ಕಾಲೇಜಿನವರು "ಬಿ.ಕಾಂ ಜೊತೆಗೇ ಅಪ್ರೆಂಟಿಸ್‌ಶಿಪ್ ಇರೋ ಹೊಸ ಕೋರ್ಸು, ಕೊನೇ ಹಂತದಲ್ಲಿ ಸ್ಟೈಪೆಂಡ್ ಬರುತ್ತೆ" ಅಂತಾರೆ. ಇನ್ನೊಂದು ಕಾಲೇಜಿನ ಗೇಟಿಗೆ "ಬಿಸಿಎ, ಎಐ ಮತ್ತು ಡೇಟಾ ಸೈನ್ಸ್" ಅಂತ ಬ್ಯಾನರ್ ಬಿದ್ದಿದೆ. ಅವಳಿಗೆ ಎಂ.ಕಾಂ ಮಾಡಿ ಲೆಕ್ಚರರ್ ಆಗೋ ಆಸೆ. ಜೊತೆಗೆ ಸ್ಕಾಲರ್‌ಶಿಪ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಗೊತ್ತಿರೋರು ದಾರಿ ತೋರಿಸಿ.

ಚಾಕ್‌ಪೀಸ್:
ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ನೀವು ಹೇಳ್ತಿರೋದು ಎಇಡಿಪಿ, ಅಂದರೆ ಅಪ್ರೆಂಟಿಸ್‌ಶಿಪ್ ಎಂಬೆಡೆಡ್ ಡಿಗ್ರಿ. ಕಾಲೇಜು ಶಿಕ್ಷಣ ಇಲಾಖೆ ಆಯ್ದ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಶುರು ಮಾಡಿದೆ. ಲಾಜಿಸ್ಟಿಕ್ಸ್, ರೀಟೇಲ್, ಬ್ಯಾಂಕಿಂಗ್-ವಿಮೆ ಇಂಥ ಕ್ಷೇತ್ರಗಳು. ಯುಜಿಸಿ (ವಿ.ವಿ.ಗಳ ಮೇಲ್ವಿಚಾರಣೆಗಿರೋ ಕೇಂದ್ರದ ಆಯೋಗ) ಮಾರ್ಗಸೂಚಿ ಪ್ರಕಾರ ಮೂರು ವರ್ಷದ ಪದವಿಯಲ್ಲಿ ಕನಿಷ್ಠ ಒಂದು, ಗರಿಷ್ಠ ಮೂರು ಸೆಮಿಸ್ಟರ್ ಅಪ್ರೆಂಟಿಸ್ ಕೆಲಸ ಇರಬಹುದು. ಆ ಕೆಲಸಕ್ಕೂ ಕ್ರೆಡಿಟ್ ಇದೆ, ಅಂದರೆ ಪದವಿಯ ಲೆಕ್ಕಕ್ಕೆ ಸೇರುತ್ತೆ.

ತಂಗಿಗೆ ಎಂ.ಕಾಂ ಆಸೆ ಇದ್ದರೆ ಇದರಿಂದ ಬಾಗಿಲು ಮುಚ್ಚಲ್ಲ. ಪದವಿ ಬಿ.ಕಾಂ ಅಂತಲೇ ಬರುತ್ತೆ, ಪಕ್ಕದಲ್ಲಿ ವಿಶೇಷ ವಿಷಯದ ಹೆಸರು ಇರುತ್ತೆ. ಯಾವುದೇ ಹೊಸ ಕೋರ್ಸಾದರೂ ಪದವಿಯ ಹೆಸರು ಯುಜಿಸಿ ಅಧಿಸೂಚಿಸಿದ ಪಟ್ಟಿಯಲ್ಲಿ ಇರಲೇಬೇಕು, ಅದನ್ನ ಮೊದಲು ನೋಡಿ. ಆಮೇಲೆ ನೀವು ಮುಂದೆ ಸೇರಬೇಕು ಅಂದುಕೊಂಡಿರೋ ವಿ.ವಿ.ಯ ಎಂ.ಕಾಂ ಪ್ರವೇಶ ಅಧಿಸೂಚನೆ ತೆಗೆದು ಓದಿ. ಅರ್ಹತೆ ಅನ್ನೋ ಕಾಲಂನಲ್ಲಿ ಏನು ಬರೆದಿದ್ದಾರೋ ಅದೇ ಅಂತಿಮ. ಪ್ರಿನ್ಸಿಪಾಲರ ಬಾಯಿಮಾತು ಲೆಕ್ಕಕ್ಕಿಲ್ಲ.

ಅಪ್ರೆಂಟಿಸ್ ಅಂದ ತಕ್ಷಣ ಕೆಲಸ ಖಾಯಂ ಅಂತ ಹುಡುಗರು ತಿಳ್ಕೊಂಡುಬಿಡ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯೋನು, ಕಾರ್ಮಿಕ ಅಲ್ಲ. ತರಬೇತಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅನ್ನೋ ಕಡ್ಡಾಯವೂ ಇಲ್ಲ. ಕಂಪನಿ ಜೊತೆಗಿನ ಒಪ್ಪಂದ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ, ಸ್ಟೈಪೆಂಡ್ ಎಷ್ಟು ಅಂತ ಬರವಣಿಗೆಯಲ್ಲಿ ಇದೆಯಾ, ಯಾವ ಊರಿಗೆ ಕಳಿಸ್ತಾರೆ, ಈ ಮೂರು ಕೇಳಿ. ಮೂರನೇದು ಹೆಣ್ಣುಮಕ್ಕಳ ಮನೆಯವರು ಕೇಳದೇ ಬಿಡೋದು, ಕೊನೇ ವರ್ಷ ಬೆಂಗಳೂರಿಗೆ ಪೋಸ್ಟಿಂಗ್ ಅಂದಾಗ ರಂಪ ಆಗೋದು. ಊರಲ್ಲೇ ಇದ್ದು ಓದಲಿ ಅಂತ ಸರ್ಕಾರಿ ಕಾಲೇಜಿಗೆ ಹಾಕಿರ್ತಾರೆ. ಪೇಯಿಂಗ್ ಗೆಸ್ಟ್‌ಗೆ ಬಾಡಿಗೆ ಕಟ್ಟಿದ ಮೇಲೆ ಸ್ಟೈಪೆಂಡಲ್ಲಿ ಏನೂ ಉಳಿಯಲ್ಲ.

ಎಂಟನೇ ಸೆಮಿಸ್ಟರ್:
ಹೊಸ ಕೋರ್ಸು ಅಂದ್ರೆ ನನಗೆ ಮೈ ಉರಿಯುತ್ತೆ. ನಾನು 2021ರ ಬ್ಯಾಚು. ದೇಶದಲ್ಲೇ ಮೊದಲು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ತಂದ ರಾಜ್ಯ ನಮ್ಮದು ಅಂತ ಹೇಳಿಕೊಂಡರು, ನಾಲ್ಕು ವರ್ಷದ ಆನರ್ಸ್, ಬೇಕಾದಾಗ ಹೊರಗೆ ಹೋಗಬಹುದು, ಒಳಗೆ ಬರಬಹುದು ಅಂದರು. ನಾವು ಮೂರನೇ ವರ್ಷ ಮುಗಿಸೋ ಹೊತ್ತಿಗೆ ಸರ್ಕಾರ ಬದಲಾಗಿತ್ತು. 2024ರ ಮೇನಲ್ಲಿ ಆದೇಶ ಬಂತು, 2024-25ರಿಂದ ಹೊಸಬರಿಗೆಲ್ಲ ಮತ್ತೆ ಮೂರು ವರ್ಷದ ಪದವಿ. ರಾಜ್ಯ ಶಿಕ್ಷಣ ನೀತಿಗೆ ಅಂತ ಮಾಡಿದ್ದ ಪ್ರೊ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಆಧಾರ. ನಾವು ಮೂರು ಬ್ಯಾಚಿನವರು ಎನ್‌ಇಪಿ ಹಳಿ ಮೇಲೇ ಉಳಿದೆವು. ನಮ್ಮ ತರಗತಿಯಲ್ಲಿ ನಾಲ್ಕನೇ ವರ್ಷಕ್ಕೆ ಉಳಿದವರು ಬೆರಳೆಣಿಕೆ. ಆನರ್ಸ್‌ಗೆ ಪಾಠ ಮಾಡೋರು ಯಾರು ಅನ್ನೋದೇ ಅರ್ಧ ಸೆಮಿಸ್ಟರ್‌ವರೆಗೆ ತೀರ್ಮಾನ ಆಗಿರಲಿಲ್ಲ.

ಚಾಕ್‌ಪೀಸ್:
@ಎಂಟನೇ ಸೆಮಿಸ್ಟರ್ ಸಿಟ್ಟು ಸರಿಯಾಗೇ ಇದೆ. ಆದರೆ ಆ ನಾಲ್ಕನೇ ವರ್ಷಕ್ಕೆ ಬೆಲೆ ಇದೆ ಕಣಪ್ಪ. ನಾಲ್ಕು ವರ್ಷದ ಪದವಿಯಲ್ಲಿ 75 ಪರ್ಸೆಂಟ್ ಇದ್ದರೆ ಎಂ.ಎ., ಎಂ.ಕಾಂ ಇಲ್ಲದೇ ನೇರ ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಪಿಎಚ್‌ಡಿಗೆ ಹೋಗಬಹುದು, ಮೀಸಲಾತಿ ವರ್ಗದವರಿಗೆ ಅದರಲ್ಲೂ ಸಡಿಲಿಕೆ ಇದೆ. ಪಿಜಿಯನ್ನೂ (ಸ್ನಾತಕೋತ್ತರ ಪದವಿ) ಒಂದೇ ವರ್ಷದಲ್ಲಿ ಮುಗಿಸೋಕೆ ಯುಜಿಸಿ ಚೌಕಟ್ಟು ಅವಕಾಶ ಕೊಡುತ್ತೆ. ಈಗ ಸೇರೋ ಮೂರು ವರ್ಷದವರಿಗೆ ಅದಿಲ್ಲ, ಅವರು ಎರಡು ವರ್ಷದ ಪಿಜಿ ಮಾಡಲೇಬೇಕು. @ವರದಾ ತೀರ ನಿಮ್ಮ ತಂಗಿಗೆ ಅನ್ವಯ ಆಗೋದು ಈ ಎರಡನೇದು. ಮೂರು ಪ್ಲಸ್ ಎರಡು, ಆಮೇಲೆ ನೆಟ್ ಅಥವಾ ರಾಜ್ಯದ ಅಂಥದೇ ಪರೀಕ್ಷೆ ಕೆ-ಸೆಟ್. ಐದು ವರ್ಷ ಕೈಯಿಂದ ಎಷ್ಟು ಬೀಳುತ್ತೆ ಅಂತ ಈಗಲೇ ಲೆಕ್ಕ ಹಾಕಿ.

ಧಾರವಾಡದಾಕಿ:
ಅಣ್ಣಾರ, ರೊಕ್ಕದ ಮಾತು ನಾ ಹೇಳ್ತೀನ್ರಿ, ನಮ್ಮ ಮನ್ಯಾಗ ಇಬ್ಬರನ್ನ ಹಿಂಗ ಓದಿಸೇವಿ.

ನಿಮ್ಮ ತಂಗಿ ಹತ್ತನೇತ್ತ, ಪಿಯು ಎರಡೂ ಸರ್ಕಾರಿದಾಗ ಓದ್ಯಾಳ ಅಂದ್ರ ಮೊದ್ಲ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿಂದು ಹಾಕ್ಸ್ರಿ. ವರ್ಷಕ್ಕ 30,000, ಡಿಗ್ರಿ ಮುಗಿಯೂತನಕ ಬರ್ತದ, ಹೆಣ್ಣಹುಡುಗ್ಯಾರಿಗೆ ಅಷ್ಟ. ಮೊದಲ ವರ್ಷದಾಗ ಅರ್ಜಿ ಹಾಕಬೇಕ್ರಿ, ಎರಡನೇ ವರ್ಷಕ್ಕ ಹೋಗಿ ಕುಂತ್ರ ಆಗಂಗಿಲ್ಲ. ನಮ್ಮ ಸರ್ಕಾರ ಅವರ ಕೂಡ ಸೇರಿ 2025ರಾಗ "ದೀಪಿಕಾ" ಅಂತ ಹೆಸರಿಟ್ಟದ. ಕಾಲೇಜಿನವ್ರು ಹೇಳ್ತಾರಂತ ಕಾಯಬ್ಯಾಡ್ರಿ, ಎಷ್ಟೋ ಕಡೆ ನೋಟಿಸ್ ಬೋರ್ಡಿಗೂ ಹಚ್ಚಿರಂಗಿಲ್ಲ.

ಎರಡನೇದು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್, ಎನ್‌ಎಸ್‌ಪಿ (ನ್ಯಾಷನಲ್ ಸ್ಕಾಲರ್‌ಶಿಪ್) ಪೋರ್ಟಲ್ನಾಗ ಇರ್ತದ. ಹನ್ನೆರಡನೇ ತರಗತಿ ಬೋರ್ಡಿನಾಗ ಮ್ಯಾಲಿನ 20 ಪರ್ಸೆಂಟೈಲ್ ಒಳಗ ಇರಬೇಕು, ಮನಿ ಆದಾಯ ವರ್ಷಕ್ಕ ನಾಲ್ಕೂವರಿ ಲಕ್ಷದ ಒಳಗ ಇರಬೇಕು. ಡಿಗ್ರಿ ಮೂರು ವರ್ಷ ತಲಾ 12,000, ಎಂ.ಕಾಂಗೆ ಹೋದ್ರ 20,000. ಅರ್ಧ ಸೀಟು ಹೆಣ್ಣಮಕ್ಕಳಿಗೇ ಅದಾವ. 91 ಅಂದ್ರ ಅಕಿ ಹಾಕಲಿಕ್ಕೇ ಬೇಕ್ರಿ. ಆದ್ರ ಇದರ ಜೋಡಿ ಬ್ಯಾರೆ ಸ್ಕಾಲರ್‌ಶಿಪ್ ತಗೋಬಾರ್ದು ಅಂತ ನಿಯಮ ಐತಿ. ಹಂಗಾಗಿ ಯಾವ್ದು ಮಂಜೂರಾಗ್ತದೋ ನೋಡಿ, ಹೆಚ್ಚು ಬರೂದು ಇಟಗೊಂಡು ಇನ್ನೊಂದು ಬಿಡ್ರಿ. ಪ್ರತಿ ವರ್ಷ ನವೀಕರಣಕ್ಕ 50 ಪರ್ಸೆಂಟ್ ಮಾರ್ಕ್ಸು, 75 ಪರ್ಸೆಂಟ್ ಹಾಜರಿ.

ಮತ್ತ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ. ಬಿ.ಎ., ಬಿ.ಕಾಂ ಗಂಡುಹುಡುಗರಿಗೆ 5,000, ಹೆಣ್ಣಹುಡುಗ್ಯಾರಿಗೆ 5,500. ಪಿಜಿಗೆ ಅದು 10,000, 11,000 ಆಗ್ತದ. ಸಣ್ಣ ರೊಕ್ಕ ಅನಬ್ಯಾಡ್ರಿ, ಪರೀಕ್ಷಾ ಫೀ, ಪುಸ್ತಕ ಅದರಾಗ ಆಗ್ತಾವ. ಬಸ್ಸಿಗಂತೂ ಶಕ್ತಿ ಯೋಜನೆ ಐತಿ, ಆ ಖರ್ಚು ತಪ್ಪಿತು.

ವರದಾ ತೀರ:
ಅಕ್ಕಾರ, ತುಂಬಾ ಉಪಕಾರ ಆಯ್ತು. ಆದರೆ ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ, ಅಂದರೆ ವಾರಸುದಾರರ ಹೆಸರಿಗೆ ಬದಲಾಗಿಲ್ಲ. ಆಮೇಲೆ ತಂಗಿಗೆ ಎರಡು ಬ್ಯಾಂಕ್ ಖಾತೆ ಇವೆ. ಪಿಯು ಸ್ಕಾಲರ್‌ಶಿಪ್ "ಮಂಜೂರಾಗಿದೆ, ಪಾವತಿ ಆಗಿದೆ" ಅಂತ ತೋರಿಸ್ತಿತ್ತು, ಪಾಸ್‌ಬುಕ್ಕಲ್ಲಿ ಮಾತ್ರ ಒಂದು ರೂಪಾಯಿ ಇರಲಿಲ್ಲ. ಕಾಲೇಜಿಗೆ ಹೋದರೆ ಇಲಾಖೆ ಕೇಳಿ ಅಂದರು, ಇಲಾಖೆಗೆ ಹೋದರೆ ಬ್ಯಾಂಕ್ ಕೇಳಿ ಅಂದರು.

ಕೇಸ್ ವರ್ಕರ್:
ಕಾಲೇಜು ಕಚೇರಿಯಲ್ಲಿ ಸ್ಕಾಲರ್‌ಶಿಪ್ ವಿಭಾಗ ನೋಡಿಕೊಳ್ಳೋನು ನಾನು. ಪ್ರತಿ ನವೆಂಬರಿಂದ ಫೆಬ್ರುವರಿವರೆಗೆ ನನ್ನ ಟೇಬಲ್ ಮುಂದೆ ಇದೇ ಕ್ಯೂ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಎಸ್‌ಎಸ್‌ಪಿಯಿಂದ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಹಣ ಖಾತೆ ನಂಬರ್ ನೋಡಿ ಹೋಗಲ್ಲ, ಆಧಾರ್ ನೋಡಿ ಹೋಗುತ್ತೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅಂತ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಇಟ್ಟಿರೋ ಮ್ಯಾಪಿಂಗ್‌ನಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತೆ, ಕೊನೆಗೆ ಯಾವುದಕ್ಕೆ ಜೋಡಿಸಿದ್ದೀರೋ ಅದು. ಸಿಮ್ ತಗೊಳ್ಳೋವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಪೇಮೆಂಟ್ ಖಾತೆ ಎಷ್ಟೋ ಹುಡುಗರಿಗೆ ಇದೆ ಅಂತಲೇ ಗೊತ್ತಿರಲ್ಲ. ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತೆ. ಮೊನ್ನೆ ಒಬ್ಬಳು ಅಳ್ತಾ ಬಂದಳು, ಎರಡು ವರ್ಷದ ಸ್ಕಾಲರ್‌ಶಿಪ್ ಬಂದಿಲ್ಲ ಸರ್ ಅಂತ. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ (ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅನ್ನೋದು) ತೆಗೆಸಿದೆ, ಅವಳು ಹೆಸರೇ ಕೇಳಿರದ ಖಾತೆ ಬಂತು. ಅವರಪ್ಪನ ಫೋನಲ್ಲಿ ಆ ಆ್ಯಪ್ ಹಾಕಿ ನೋಡಿದ್ರೆ ಎರಡೂ ವರ್ಷದ ದುಡ್ಡು ಅಲ್ಲೇ ಇತ್ತು. ನಿಮ್ಮ ತಂಗಿದೂ ಹಾಗೇ ಇರಬಹುದು. ಮೊದಲು ಆ ಸ್ಟೇಟಸ್ ನೋಡಿ, ಆಮೇಲೆ ಬೇಕಾದ ಬ್ಯಾಂಕಿಗೆ ಹೋಗಿ ಸೀಡಿಂಗ್ ಅರ್ಜಿ ಕೊಡಿ. ಕೆವೈಸಿ ಮಾಡಿಸಿದ್ರೆ ಸೀಡಿಂಗ್ ಆಯ್ತು ಅಂತಲ್ಲ, ಅದು ಬೇರೆ, ಇದು ಬೇರೆ. ಕೌಂಟರಲ್ಲಿ ಕೂತವರೇ ಕೆಲವೊಮ್ಮೆ ಎರಡನ್ನೂ ಒಂದೇ ಮಾಡಿ ಕಳಿಸ್ತಾರೆ.

ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮುಂದೆ, ಆಧಾರಲ್ಲಿ ಹಿಂದೆ, ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು. ಮೂರೂ ಬೇರೆ ಬೇರೆ ಇದ್ರೆ ಸಿಸ್ಟಂ ಅಲ್ಲೇ ನಿಲ್ಲಿಸುತ್ತೆ. ರಜೆಯಲ್ಲೇ ಆಧಾರ್ ತಿದ್ದಿಸಿ ಮುಗಿಸಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದ ಕೂಡಲೇ ವಿವರ ತಾನಾಗೇ ಬರುತ್ತೆ, ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತೆ. ಒಂಬತ್ತನೇ ಕ್ಲಾಸಲ್ಲಿ ಮಾಡಿಸಿದ್ದು ಡಿಗ್ರಿ ಮಧ್ಯದಲ್ಲಿ ಅವಧಿ ಮೀರಿರುತ್ತೆ, ಆಗ ನವೀಕರಣ ತಪ್ಪುತ್ತೆ.

ಇ-ದೃಢೀಕರಣ ಮರೀಬೇಡಿ. ಕಾಲೇಜಲ್ಲಿ ಅದಕ್ಕೊಬ್ಬ ಅಧಿಕಾರಿ ಇರ್ತಾರೆ, ಮೂಲ ದಾಖಲೆ ತೋರಿಸಿ ಅವರ ಲಾಗಿನ್‌ನಿಂದ ನಂಬರ್ ಪಡೀಬೇಕು. ಅದಿಲ್ಲದೇ ಸೈಬರ್ ಸೆಂಟರಿನವನು "ಅರ್ಜಿ ಹಾಕಾಯ್ತು" ಅಂದ್ರೆ ನಂಬಬೇಡಿ, ಸ್ವೀಕೃತಿ ಪ್ರಿಂಟ್ ಕೈಗೆ ತಗೊಳ್ಳಿ.

ರೈತ ವಿದ್ಯಾನಿಧಿಗೆ ಅಪ್ಪ ಅಥವಾ ಅಮ್ಮನ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಬೇಕು, ಅದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಪಹಣಿ ಆಧಾರದಲ್ಲಿ ಬರೋದು. ಅಜ್ಜನ ಹೆಸರಲ್ಲಿ ಪಹಣಿ ಇದ್ದರೆ ಅಪ್ಪನ ಎಫ್‌ಐಡಿಗೆ ಆ ಜಮೀನು ಬರಲ್ಲ. ಪೌತಿ ಖಾತೆ ಮಾಡಿಸಿಕೊಳ್ಳಿ, ಸ್ಕಾಲರ್‌ಶಿಪ್ಪಿಗೆ ಅಂತಲ್ಲ, ಬೆಳೆ ವಿಮೆ, ಪರಿಹಾರ ಎಲ್ಲದಕ್ಕೂ ಅದೇ ಬೇಕು. ಹಿಂದುಳಿದ ವರ್ಗದವರಾಗಿ ಹಾಸ್ಟೆಲ್ ಸೀಟು ಸಿಗದೇ ಹೋದರೆ ವಿದ್ಯಾಸಿರಿ ಅಂತ ಊಟ-ವಸತಿಗೆ ಸಹಾಯಧನ ಇದೆ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ಹಾಸ್ಟೆಲಿಗೆ ಅರ್ಜಿನೇ ಹಾಕದೇ ವಿದ್ಯಾಸಿರಿ ಕೇಳಬೇಡಿ.

ಧಾರವಾಡದಾಕಿ:
ಕೇಸ್ ವರ್ಕರ್ ಅಣ್ಣಾರು ಹೇಳಿದ್ದು ಖರೇ ಅದ. ನಿಮ್ಮಂಥವ್ರು ಎಲ್ಲಾ ಕಾಲೇಜಿನಾಗೂ ಇದ್ದಿದ್ರ ನಮಗ ಇಷ್ಟ್ಯಾಕ ಚಪ್ಪಲ್ ಸವೀತಿದ್ವು!

ಬಿಸಿಲೂರು:
ಈ ಸ್ಕಾಲರ್‌ಶಿಪ್ ಕಥೆ ಒಂದು ಕಡೆ ಇರಲಿ. ವಿ.ವಿ.ಗಳಿಗೇ ಅನುದಾನ ಬಂತು, ನೂರು ಕೋಟಿ ಬಂತು ಅಂತ ಪೇಪರಲ್ಲಿ ಬರುತ್ತಲ್ಲ, ಅದೆಲ್ಲ ಎಲ್ಲಿ ಹೋಗುತ್ತೆ? ನಮ್ಮ ಡಿಪಾರ್ಟ್‌ಮೆಂಟಲ್ಲಿ ಹೊಸ ಎಂ.ಎಸ್ಸಿ ಶುರು ಮಾಡಿದಾರೆ, ಖಾಯಂ ಪ್ರೊಫೆಸರ್ ಅಂತ ಇರೋದು ಒಬ್ಬರೇ. ಅವರೇ ಅಧ್ಯಕ್ಷರು, ಅವರೇ ಪರೀಕ್ಷಾ ಕೆಲಸ, ಅವರೇ ಹಾಸ್ಟೆಲ್ ವಾರ್ಡನ್.

ಹಳೇ ಕಡತ:
ವಿ.ವಿ. ಆಡಳಿತ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ಬಿಸಿಲೂರು ಅವರ ಪ್ರಶ್ನೆಗೆ ಉತ್ತರ ಬಜೆಟ್ಟಿನ ಶೀರ್ಷಿಕೆಗಳಲ್ಲೇ ಇದೆ.

ನೂರು ಕೋಟಿ ಅಂದದ್ದು ಪಿಎಂ-ಉಷಾ, ರಾಜ್ಯದ ವಿ.ವಿ., ಕಾಲೇಜುಗಳಿಗೆ ಕೇಂದ್ರದ ಅನುದಾನ ಯೋಜನೆ. 2013ರಲ್ಲಿ ಬಂದ ರೂಸಾ ಯೋಜನೆಯ ಮುಂದುವರಿಕೆ. 2023-24ರಿಂದ ಮೂರು ವರ್ಷಕ್ಕೆ ದೇಶಕ್ಕೆಲ್ಲ ಸೇರಿ 12,926 ಕೋಟಿ ಇಟ್ಟರು. ಬಹುಶಿಸ್ತೀಯ ಸಂಶೋಧನಾ ವಿ.ವಿ. ಅಂತ ಆಯ್ಕೆಯಾದ 35ಕ್ಕೆ ತಲಾ 100 ಕೋಟಿ, ಬಲಪಡಿಸೋ ಶೀರ್ಷಿಕೆಯಲ್ಲಿ ಬೇರೆ ವಿ.ವಿ.ಗಳಿಗೆ ತಲಾ 20 ಕೋಟಿವರೆಗೆ, ಕಾಲೇಜುಗಳಿಗೆ 5 ಕೋಟಿವರೆಗೆ. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40. ರಾಜ್ಯದ ಪಾಲು ತಡವಾದರೆ ಮುಂದಿನ ಕಂತೂ ತಡ. ಬಂದ ಹಣ ಬಹುಪಾಲು ಕಟ್ಟಡ, ದುರಸ್ತಿ, ಉಪಕರಣಕ್ಕೆ ಹೋಗುತ್ತೆ. ಖಾಯಂ ಪ್ರಾಧ್ಯಾಪಕರ ಸಂಬಳ ಅದರಲ್ಲಿ ಕೊಡುವಂತಿಲ್ಲ. ಹೊಸ ಲ್ಯಾಬ್ ಬಂತು, ಅದರಲ್ಲಿ ಪಾಠ ಮಾಡೋರು ತಾಸಿನ ಲೆಕ್ಕದ ಅತಿಥಿಗಳು ಅನ್ನೋ ಸ್ಥಿತಿ ಬರೋದು ಹೀಗೆ.

ಹೊಸ ಕೋರ್ಸಿನ ದಾರಿಯೂ ಗೊತ್ತಿರಲಿ. ಅಧ್ಯಯನ ಮಂಡಳಿ ಪಠ್ಯಕ್ರಮ ಮಾಡುತ್ತೆ, ನಿಕಾಯಕ್ಕೆ (ಫ್ಯಾಕಲ್ಟಿ) ಹೋಗಿ, ವಿದ್ಯಾವಿಷಯಕ ಪರಿಷತ್ತಿಗೆ ಹೋಗಿ, ವಿ.ವಿ.ಯ ಆಡಳಿತ ಮಂಡಳಿಯಾದ ಸಿಂಡಿಕೇಟಿನಲ್ಲಿ ಮುದ್ರೆ ಬೀಳುತ್ತೆ. ಕಾಲೇಜುಗಳಿಗಾದರೆ ಸ್ಥಳೀಯ ವಿಚಾರಣಾ ಸಮಿತಿ ಬಂದು ಕೊಠಡಿ, ಗ್ರಂಥಾಲಯ, ಬೋಧಕರನ್ನ ನೋಡಬೇಕು. ಇಷ್ಟು ಹಂತ ಇದ್ದರೂ ಒಂದು ಪ್ರಶ್ನೆಗೆ ಮಾತ್ರ ಕಡತದಲ್ಲಿ ಗಟ್ಟಿ ಉತ್ತರ ಇರಲ್ಲ. ಹುದ್ದೆ ಮಂಜೂರಾಗಿದೆಯಾ? ಹುದ್ದೆ ಮಂಜೂರು ಮಾಡೋದು ಆರ್ಥಿಕ ಇಲಾಖೆ. ಅದು ಸುಲಭಕ್ಕೆ ಒಪ್ಪಲ್ಲ. ಆಗ ಕೋರ್ಸಿಗೆ "ಸ್ವಯಂ ಆರ್ಥಿಕ" ಅಂತ ಹಣೆಪಟ್ಟಿ ಹಚ್ಚಿ ಶುರು ಮಾಡ್ತಾರೆ. ವಿದ್ಯಾರ್ಥಿ ಕಟ್ಟಿದ ಶುಲ್ಕದಲ್ಲೇ ಕೋರ್ಸು ನಡೀಬೇಕು. ಸರ್ಕಾರಿ ವಿ.ವಿ. ಅಂತ ಬಂದ ಹುಡುಗನಿಗೆ ಖಾಸಗಿ ಲೆಕ್ಕದ ಚಲನ್ ಕೈಗೆ ಬರುತ್ತೆ.

ವಿ.ವಿ.ಗಳೂ ಯಾಕೆ ಹೀಗೆ ಮಾಡ್ತವೆ ಅಂದ್ರೆ ಅವುಗಳ ಸ್ವಂತ ವರಮಾನ ಅಂದರೆ ತಮ್ಮ ಕೆಳಗಿನ ಕಾಲೇಜುಗಳು ಕಟ್ಟೋ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ. ಜಿಲ್ಲೆಗೊಂದು ಹೊಸ ವಿ.ವಿ. ಮಾಡಿದಾಗ ಆ ಕಾಲೇಜುಗಳೆಲ್ಲ ಆಚೆ ಹೋದವು, ವರಮಾನ ಇಳೀತು. ನಿವೃತ್ತರ ಪಿಂಚಣಿ ಮಾತ್ರ ಹಳೇ ವಿ.ವಿ.ಯ ತಲೆ ಮೇಲೇ ಉಳೀತು. 1916ರ ಮೈಸೂರು ವಿ.ವಿ.ಯಂಥ ಹಿರಿಯ ಸಂಸ್ಥೆಗಳಿಗೆ ಇದು ಸಣ್ಣ ಹೊರೆಯಲ್ಲ. ಮನೆ ಪಾಲಾದಾಗ ಹೊಲ ತಮ್ಮಂದಿರಿಗೆ, ಸಾಲ ಮಾತ್ರ ಅಣ್ಣನಿಗೆ ಅಂದಹಾಗೆ.

ಬಿಸಿಲೂರು:
ಅಂದ್ರೆ ಹೊಸ ಕೋರ್ಸು ಸೇರೋ ಮುಂಚೆ "ಇದು ಅನುದಾನಿತವೋ ಸ್ವಯಂ ಆರ್ಥಿಕವೋ, ಖಾಯಂ ಬೋಧಕರು ಎಷ್ಟು ಜನ" ಅಂತ ಕೇಳಬೇಕು. ಕೇಳಿದ್ರೆ ಹೇಳ್ತಾರಾ?

ಹಳೇ ಕಡತ:
ಹೇಳದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. ಆದರೆ ಉತ್ತರಕ್ಕೆ 30 ದಿನ ಸಮಯ ಇರುತ್ತೆ, ಅಷ್ಟರಲ್ಲಿ ಪ್ರವೇಶ ಮುಗಿದಿರುತ್ತೆ. ಅದಕ್ಕಿಂತ ಸುಲಭ, ವಿಭಾಗಕ್ಕೆ ಹೋಗಿ ವೇಳಾಪಟ್ಟಿ ನೋಡಿ. ಹೆಸರುಗಳ ಮುಂದೆ ಅತಿಥಿ ಅಂತಲೇ ತುಂಬಿದ್ದರೆ ಗೊತ್ತಾಗುತ್ತಲ್ಲ.

ಚಾಕ್‌ಪೀಸ್:
ಅತಿಥಿಗಳನ್ನ ಅಷ್ಟು ಹಗುರ ಮಾಡಬೇಡಿ ಸರ್, ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ನಡೀತಿರೋದೇ ನಮ್ಮಿಂದ, ಸಾವಿರಾರು ಜನ ಇದ್ದೀವಿ. ಪಾಠದಲ್ಲಿ ಕೊರತೆ ಇಲ್ಲ. ಕೊರತೆ ಎಲ್ಲಿ ಅಂದ್ರೆ ಸೆಮಿಸ್ಟರ್ ಮಧ್ಯದಲ್ಲಿ ನೇಮಕಾತಿ, ಕೌನ್ಸೆಲಿಂಗ್ ತಡ, ಮುಂದಿನ ವರ್ಷ ಇದೇ ಕಾಲೇಜಲ್ಲಿ ಇರ್ತೀವಾ ಗೊತ್ತಿಲ್ಲ. ಎಇಡಿಪಿಯಂಥ ಕೋರ್ಸಿಗೆ ಕಂಪನಿಗಳ ಜೊತೆ ಮೂರು ವರ್ಷ ಒಬ್ಬನೇ ಮನುಷ್ಯ ಸಂಪರ್ಕ ಇಟ್ಟುಕೊಳ್ಳಬೇಕು.

ಹಳೇ ಕಡತ:
ನಿಮ್ಮ ಮಾತು ಒಪ್ಪಿದೆ. ನಾನು ಹೇಳಿದ್ದು ವ್ಯವಸ್ಥೆಗೆ, ವ್ಯಕ್ತಿಗಳಿಗಲ್ಲ.

ಕುಶಾಲನಗರದಿಂದ:
ಕೊಡಗು ವಿ.ವಿ. ವಿದ್ಯಾರ್ಥಿನಿ ನಾನು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿ.ವಿ.ಗಳನ್ನ ಮುಚ್ಚಬೇಕು ಅಂತ ಶಿಫಾರಸು ಮಾಡಿದಾಗಿಂದ ಮನೆಯಲ್ಲಿ ಒಂದೇ ಪ್ರಶ್ನೆ, "ನಿನ್ನ ಸರ್ಟಿಫಿಕೇಟಿಗೆ ಬೆಲೆ ಇರುತ್ತಾ?" ವರದಾ ತೀರ ಅವರ ಹಾವೇರಿಯೂ ಆ ಪಟ್ಟಿಯಲ್ಲಿದೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಹಳೇ ಕಡತ:
ಬೆಲೆ ಇರುತ್ತೆ ಮಗಳೇ. ವಿಧಾನಮಂಡಲದ ಕಾಯ್ದೆಯಿಂದ ಸ್ಥಾಪನೆಯಾದ ವಿ.ವಿ. ಕೊಟ್ಟ ಪದವಿ, ಆಮೇಲೆ ಆ ವಿ.ವಿ. ವಿಲೀನವಾದರೂ ಪದವಿಯೇ. 2022ರಲ್ಲಿ ಚಾಮರಾಜನಗರ, ಹಾಸನ, ಮಂಡ್ಯ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಅಂತ ಎಂಟು ವಿ.ವಿ. ಒಟ್ಟಿಗೆ ಮಾಡಿದರು, ಹೆಚ್ಚಿನವು ಹಳೇ ಸ್ನಾತಕೋತ್ತರ ಕೇಂದ್ರಗಳಲ್ಲೇ ಶುರುವಾದವು. ಇವುಗಳಲ್ಲಿ ಬೀದರ್ ಬಿಟ್ಟು ಉಳಿದವು, ಜೊತೆಗೆ ಬೆಂಗಳೂರಿನ ಮಹಾರಾಣಿ ಕ್ಲಸ್ಟರ್ ಮತ್ತು ನೃಪತುಂಗ, ಉಪಸಮಿತಿಯ ಪಟ್ಟಿಗೆ ಬಂದವು. ವಿಲೀನ ಅಂದರೆ ಮೂಲ ವಿ.ವಿ.ಗೆ ವಾಪಸ್ಸು. ನಿಮ್ಮದು ಮಂಗಳೂರಿಗೆ, ಹಾವೇರಿಯದು ಧಾರವಾಡದ ಕರ್ನಾಟಕ ವಿ.ವಿ.ಗೆ. ಬೆಂಗಳೂರು ವಿ.ವಿ. ಮೂರು ಭಾಗ ಆದಾಗಲೂ ಮೊದಲೇ ಸೇರಿದ್ದ ಬ್ಯಾಚುಗಳು ಹಳೇ ಹೆಸರಲ್ಲೇ ಮುಗಿಸಿದವು. ಅಂಕಪಟ್ಟಿ ಡಿಜಿಲಾಕರಿಗೆ ಬಂದಿದೆಯಾ, ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆಯಲ್ಲಿ ಕ್ರೆಡಿಟ್ ಏರಿದೆಯಾ ಅಂತ ಪ್ರತಿ ಸೆಮಿಸ್ಟರ್ ನೋಡ್ತಾ ಇರಿ. ಕಚೇರಿಗಳು ಸ್ಥಳ ಬದಲಾಯಿಸೋವಾಗ ಕಳೆದುಹೋಗೋದು ಕಾಗದಗಳು.

ಎಂಟನೇ ಸೆಮಿಸ್ಟರ್:
ಬಿಸಿಎ, ಎಐ ಬ್ಯಾನರ್ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಅಕ್ಕಪಕ್ಕದ ಕಾಲೇಜುಗಳಲ್ಲಿ ಹಳೇ ಬಿಸಿಎಗೆ ಎರಡು ಪೇಪರ್ ಸೇರಿಸಿ ಎಐ ಅಂತ ಬರೆದಿದ್ದಾರೆ. ಪಠ್ಯಕ್ರಮದ ಪಿಡಿಎಫ್ ತೆಗೆದು ನೋಡಿ, ಗಣಿತ ಎಷ್ಟಿದೆ, ಲ್ಯಾಬ್ ಎಷ್ಟು ಗಂಟೆ ಇದೆ. ಲೀನಿಯರ್ ಆಲ್ಜೀಬ್ರಾ, ಸ್ಟ್ಯಾಟಿಸ್ಟಿಕ್ಸ್ ಎರಡೂ ಇಲ್ಲದ ಡೇಟಾ ಸೈನ್ಸ್ ಬರೀ ಬೋರ್ಡು.

ಕೇಸ್ ವರ್ಕರ್:
ಇದಕ್ಕೊಂದು ಸೇರಿಸ್ತೀನಿ. 2024-25ರಿಂದ ಬಿಸಿಎ, ಬಿಬಿಎ ಎರಡೂ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತು) ಅನುಮೋದನೆ ಕೆಳಗೆ ಬಂದಿವೆ. ಕಾಲೇಜಿಗೆ ಆ ಅನುಮೋದನೆ ಇದೆಯಾ ಕೇಳಿ. ಇದ್ದರೆ ಹೆಣ್ಣುಮಕ್ಕಳಿಗೆ ಸರಸ್ವತಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 25,000. ಪ್ರಗತಿ ಸ್ಕಾಲರ್‌ಶಿಪ್ 50,000 ಅಂತ ಕೇಳಿರ್ತೀರಿ, ಅದು ಎಂಜಿನಿಯರಿಂಗ್, ಡಿಪ್ಲೊಮಾದಂಥ ತಾಂತ್ರಿಕ ಕೋರ್ಸಿನ ಹುಡುಗಿಯರಿಗೆ, ಇಲ್ಲಿ ಬೆರೆಸಬೇಡಿ.

ಸಾಲದ ಬಗ್ಗೆಯೂ ಹೇಳಿಬಿಡ್ತೀನಿ, ಯಾಕಂದ್ರೆ "ಪಿಎಂ ವಿದ್ಯಾಲಕ್ಷ್ಮಿ, ಜಾಮೀನಿಲ್ಲದ ಸಾಲ" ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ಯೋಜನೆ ನಿಜ, 2024ರ ನವೆಂಬರಲ್ಲಿ ಸಂಪುಟ ಒಪ್ಪಿದ್ದು. ಎಂಟು ಲಕ್ಷದೊಳಗೆ ಆದಾಯ ಇದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಆದರೆ ಅದು ಎನ್‌ಐಆರ್‌ಎಫ್ ಅನ್ನೋ ಕೇಂದ್ರದ ರ್‍ಯಾಂಕಿಂಗ್ ಆಧಾರದಲ್ಲಿ ಆರಿಸಿದ ಕೆಲವೇ ನೂರು ಸಂಸ್ಥೆಗಳಿಗೆ ಮಾತ್ರ. ತಾಲ್ಲೂಕಿನ ಪದವಿ ಕಾಲೇಜು ಆ ಪಟ್ಟಿಯಲ್ಲಿ ಇರೋದು ಅಪರೂಪ. ಪಟ್ಟಿ ನೋಡದೇ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಹತ್ರ ಜಗಳ ಆಡಬೇಡಿ.

ವರದಾ ತೀರ:
ತಂಗಿ ಪಕ್ಕದಲ್ಲೇ ಕೂತು ಎಲ್ಲ ಓದಿದಳು. ಬಿಸಿಎ ಬೇಡವಂತೆ. ಎಇಡಿಪಿ ಕಾಲೇಜಿನಲ್ಲಿ ಒಪ್ಪಂದದ ಪ್ರತಿ ಕೇಳ್ತೀವಿ, ತೋರಿಸದಿದ್ದರೆ ಅದೇ ಕಾಲೇಜಿನ ಮಾಮೂಲಿ ಬಿ.ಕಾಂ. ಸೀಡಿಂಗ್ ನೋಡಿದೆವು, ಸಿಮ್ ಜೊತೆ ಬಂದ ಖಾತೆಯೇ ತೋರಿಸ್ತು ಸರ್!

ಕೇಸ್ ವರ್ಕರ್:
ಹೇಳಿರಲಿಲ್ವಾ. ದುಡ್ಡು ಈಚೆ ತೆಗೆದ ಮೇಲೇ ಆ ಖಾತೆ ಮುಚ್ಚಿ, ಮೊದಲೇ ಮುಚ್ಚಬೇಡಿ.

ಸಿನಾಪ್ಸಿಸ್:
ಚರ್ಚೆ ಬೇರೆ ಕಡೆ ಎಳೀತಿದ್ದೀನಿ, ಕ್ಷಮಿಸಿ. ಪಿಎಚ್‌ಡಿಗೆ ಯಾವ ಹಣ ಇದೆ? ನೆಟ್ ಆಗಿದೆ, ಜೆಆರ್‌ಎಫ್ (ಅದೇ ಪರೀಕ್ಷೆಯಲ್ಲಿ ಸಿಗೋ ಸಂಶೋಧನಾ ಫೆಲೋಶಿಪ್) ಇಲ್ಲ. ನಾನು ಸೇರಬೇಕು ಅಂದುಕೊಂಡಿರೋ ಹೊಸ ವಿ.ವಿ.ಯಲ್ಲಿ "ಸೀಟು ಇಲ್ಲ" ಅಂತ ಎರಡು ವರ್ಷದಿಂದ ಹೇಳ್ತಿದ್ದಾರೆ. ಹೊಸ ವಿ.ವಿ., ಹೊಸ ವಿಭಾಗ, ಸೀಟು ಯಾಕಿಲ್ಲ?

ಚಾಕ್‌ಪೀಸ್:
ಸೀಟು ಗೈಡ್ ಲೆಕ್ಕದಲ್ಲಿ ಹುಟ್ಟುತ್ತೆ. 2022ರ ಯುಜಿಸಿ ನಿಯಮದಲ್ಲಿ ಪ್ರೊಫೆಸರ್ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನಕ್ಕೆ ಮಾರ್ಗದರ್ಶನ ಮಾಡಬಹುದು, ಎಲ್ಲರೂ ಖಾಯಂ ಬೋಧಕರೇ ಆಗಿರಬೇಕು. ನಮ್ಮಂಥವರಿಗೆ ಪಿಎಚ್‌ಡಿ ಇದ್ದರೂ ಗೈಡ್‌ಶಿಪ್ ಇಲ್ಲ. ಖಾಯಂ ಬೋಧಕರಿಲ್ಲದ ವಿಭಾಗದಲ್ಲಿ ಸೀಟು ಎಲ್ಲಿಂದ ಬರಬೇಕು? ಸಂಶೋಧನಾ ಹಣವೂ ಅಷ್ಟೇ. ಎಎನ್‌ಆರ್‌ಎಫ್‌ನ (ಸಂಶೋಧನೆಗೆ ಹಣ ಕೊಡೋ ಕೇಂದ್ರದ ಪ್ರತಿಷ್ಠಾನ) ಪ್ರಧಾನಮಂತ್ರಿ ಅರ್ಲಿ ಕರಿಯರ್ ಅನುದಾನ 60 ಲಕ್ಷದವರೆಗೆ ಇದೆ, ಅರ್ಜಿ ಹಾಕೋರು ಖಾಯಂ ಹುದ್ದೆಯಲ್ಲಿ ಇರಬೇಕು. ಅಂಥ ಯೋಜನೆ ಬಂದರೆ ಅದರಲ್ಲಿ ಪ್ರಾಜೆಕ್ಟ್ ಫೆಲೋ ಆಗಿ ನಿಮಗೊಂದು ಸಂಬಳ ಸಿಗಬಹುದಿತ್ತು. ಇಲ್ಲೂ ಅದೇ ಗೋಡೆ.

ನೀವು ಹಳೇ ವಿ.ವಿ. ನೋಡಿ. 2024ರ ಜೂನಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೆ ತಗೊಳ್ಳಬಹುದು, ಜೆಆರ್‌ಎಫ್ ಇಲ್ಲದವರಿಗೆ ಅದಕ್ಕೆ 70, ಸಂದರ್ಶನಕ್ಕೆ 30 ಅಂಕ. ಅಂಕ ಒಂದೇ ವರ್ಷ ಚಾಲ್ತಿ ಅನ್ನೋದು ನೆನಪಿರಲಿ. ಜೊತೆಗೆ ಜೆಆರ್‌ಎಫ್‌ಗೆ ಮತ್ತೆ ಬರೀರಿ. ತಿಂಗಳಿಗೆ 37,000, ಎರಡು ವರ್ಷ ಆದ ಮೇಲೆ 42,000, ಐದು ವರ್ಷದ ಬದುಕು ಅದು. ಪರಿಶಿಷ್ಟರು, ಹಿಂದುಳಿದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳು ಬೇರೆ ಇವೆ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ಹೊಸಬರಿಗೆ ನಿಂತಿದೆ, ಹಳೇ ಕೈಪಿಡಿಗಳಲ್ಲಿ ಇನ್ನೂ ಹೆಸರಿದೆ, ನಂಬಿ ಕೂರಬೇಡಿ.

ಸಿನಾಪ್ಸಿಸ್:
ಗೈಡ್ ಒಪ್ಪಿಗೆ ಮೊದಲಾ, ಅರ್ಜಿ ಮೊದಲಾ?

ಚಾಕ್‌ಪೀಸ್:
ನಿಯಮದಲ್ಲಿ ಅರ್ಜಿ ಮೊದಲು. ನೀವು ಮಾತ್ರ ಅಧಿಸೂಚನೆ ಬರೋ ಮುಂಚೆಯೇ ವಿಭಾಗಕ್ಕೆ ಹೋಗಿ, ಯಾರ ಹತ್ರ ಜಾಗ ಖಾಲಿ ಇದೆ, ಯಾರು ಮುಂದಿನ ಮೂರು ವರ್ಷದಲ್ಲಿ ನಿವೃತ್ತಿ ಆಗ್ತಾರೆ ಅಂತ ತಿಳ್ಕೊಂಡು ಬನ್ನಿ. ನಿವೃತ್ತಿಗೆ ಮೂರು ವರ್ಷ ಇಲ್ಲದವರು ಹೊಸ ವಿದ್ಯಾರ್ಥಿ ತಗೊಳ್ಳೋ ಹಾಗಿಲ್ಲ.